ಸೆರೆಸಿಕ್ಕ ಶಿಶುವೋ, ಧೂಪದ ದ್ರವ್ಯವೋ?

ಸಬ್ಬತ್ತಿನ ದಿನ ಬೆಂಕಿಯನ್ನೂ ಹೊತ್ತಿಸದ ಯಹೂದಿಯು, ಅದೇ ದಿನ ಅಂಗಡಿ ತೆರೆದು ಕುಳಿತ ಯಹೂದಿಯನ್ನು ಹೇಗೆ ಕಾಣಬೇಕು? ಯಹೂದಿ ಧರ್ಮಶಾಸ್ತ್ರವು ಸಬ್ಬತ್ತಿನಂದು 39 ಬಗೆಯ ಕೆಲಸಗಳನ್ನು ನಿಷೇಧಿಸುತ್ತದೆ. ಅದನ್ನು ಬಹಿರಂಗವಾಗಿ ಮುರಿಯುವವನನ್ನು ಇಡೀ ಧರ್ಮವನ್ನೇ ಅಲ್ಲಗಳೆದವನಂತೆ ಎಣಿಸುತ್ತದೆ. ಅವನು ಮುಟ್ಟಿದ ದ್ರಾಕ್ಷಾರಸವೂ ವರ್ಜ್ಯವೆನ್ನುತ್ತದೆ. ಮುರಿಯುವವರು ವಿರಳವಾಗಿದ್ದ ಕಾಲದ ಕಟ್ಟಳೆಯಿದು. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಅಂಥವರ ಸಂಖ್ಯೆ ಬೆಳೆದಾಗ ಶಾಸ್ತ್ರಜ್ಞರು ಮರುಚಿಂತನೆ ನಡೆಸಬೇಕಾಯಿತು.

ಆಲ್ಟೋನಾದ ರಬ್ಬಿ ಯಾಕೋಬ್ ಎಟ್ಲಿಂಗರ್ (1798–1871) ಇಂಥವರು ಮುಟ್ಟಿದ ದ್ರಾಕ್ಷಾರಸದ ಪ್ರಶ್ನೆಯನ್ನೇ ವಿಚಾರಿಸಿದರು. ಸಬ್ಬತ್ತಿನ ಪ್ರಾರ್ಥನೆಯನ್ನು ಶ್ರದ್ಧೆಯಿಂದ ಸಲ್ಲಿಸಿ, ಬಳಿಕ ಅದರ ನಿಯಮವನ್ನು ಮುರಿಯುವವರನ್ನು ಅವರು ಕಂಡಿದ್ದರು. ಅಂಥವರನ್ನು ಧರ್ಮದ್ರೋಹಿಗಳೆನ್ನಲು ಅವರ ಮನಸ್ಸು ಒಪ್ಪಲಿಲ್ಲ. ಆಗ ಆಸರೆಯಾದದ್ದು ತಾಲ್ಮುದಿನ ಒಂದು ಪರಿಕಲ್ಪನೆ: ಅನ್ಯರ ನಡುವೆ ಸೆರೆಸಿಕ್ಕು ಬೆಳೆದ ಶಿಶು ತಾನರಿಯದ ನಿಯಮವನ್ನು ಮೀರಿದರೆ ಅದು ದ್ರೋಹವಲ್ಲ. ಮೈಮೊನಿಡೀಸ್ ಹನ್ನೆರಡನೆಯ ಶತಮಾನದಲ್ಲೇ ಈ ವಿನಾಯಿತಿಯನ್ನು, ಮೌಖಿಕ ಧರ್ಮಶಾಸ್ತ್ರವನ್ನು ಒಪ್ಪದ ಕರಾಯೀಟರ ಮಕ್ಕಳಿಗೆ ವಿಸ್ತರಿಸಿ, ಅವರನ್ನು ಸ್ನೇಹದಿಂದ ಹತ್ತಿರ ಕರೆಯಬೇಕೆಂದಿದ್ದರು.

ಈ ಪರಿಕಲ್ಪನೆಯ ಕಾರುಣ್ಯವನ್ನು ಅಲ್ಲಗಳೆಯಲಾಗದು. ನ್ಯಾಯಪೀಠದಲ್ಲಿ ಅದು ಕಠೋರ ತೀರ್ಪನ್ನು ತಡೆಯಿತು. ಆದರೆ ನ್ಯಾಯಪೀಠದ ಕವಚವನ್ನೇ ನೆರೆಹೊರೆಯ ಸಂಬಂಧಕ್ಕೆ ತಳಹದಿಯಾಗಿಸುವುದು ಸರಿಯಲ್ಲವೆಂದು ನನ್ನ ಅಭಿಮತ. ಓದಿ, ವಿಚಾರಮಾಡಿ, ಆಚಾರದಿಂದ ದೂರ ಸರಿದ ಪ್ರೌಢನನ್ನು ಶಿಶುವೆಂದು ಕರೆದಾಗ ಅವನ ಅಪರಾಧ ಅಳಿಯುತ್ತದೆ, ಜೊತೆಗೆ ಅವನ ವಿಚಾರವೂ ಅಳಿಯುತ್ತದೆ. ಶಿಶುವನ್ನು ಕ್ಷಮಿಸಬಹುದು, ಮುದ್ದಿಸಬಹುದು; ಅದರ ಮಾತಿಗೆ ಉತ್ತರ ಕೊಡಬೇಕಾದ ಹೊಣೆ ಯಾರಿಗೂ ಇರುವುದಿಲ್ಲ.

ಇದಕ್ಕಿಂತ ಗಂಭೀರವಾದ ನೆಲೆ ಅದೇ ಪರಂಪರೆಯಲ್ಲಿದೆ. ಯೋಮ್ ಕಿಪ್ಪುರ್ ಉಪವಾಸದ ಹಿಂದಿನ ಸಂಜೆ, ಕೋಲ್ ನಿದ್ರೆಗೆ ಮೊದಲು, ನಿಯಮ ಮೀರಿದವರೊಡನೆ ಪ್ರಾರ್ಥಿಸಲು ಸಭೆಗೆ ಅನುಮತಿಯಿದೆಯೆಂದು ಘೋಷಿಸಲಾಗುತ್ತದೆ. ಹದಿಮೂರನೆಯ ಶತಮಾನದ ರೋಥೆನ್‌ಬರ್ಗಿನ ರಬ್ಬಿ ಮೇಯಿರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ರೂಢಿಯಿದು. ಇದರ ಹಿಂದೆ ತಾಲ್ಮುದಿನ ಒಂದು ವಿಚಾರವಿದೆ: ತಪ್ಪಿದವರನ್ನು ಹೊರಗಿಟ್ಟ ಉಪವಾಸ ಉಪವಾಸವೇ ಅಲ್ಲ. ದೇವಾಲಯದ ಧೂಪಕ್ಕೆ ಬೇಕಾದ ಹನ್ನೊಂದು ದ್ರವ್ಯಗಳಲ್ಲಿ ಹೆಲ್ಬೆನಾ ಎಂಬ ದುರ್ವಾಸನೆಯ ಅಂಟೂ ಒಂದು. ಅದಿಲ್ಲದೆ ಧೂಪ ಪೂರ್ಣವಾಗದು. ಹೋಲಿಕೆ ಒರಟಾದದ್ದು, ಆಚಾರ ಬಿಟ್ಟವನಿಗೆ ಹಿತವೆನಿಸದು. ಆದರೂ ಶಿಶುವಿನ ಉಪಮೆಗೂ ಇದಕ್ಕೂ ಒಂದು ಮೂಲಭೂತ ಅಂತರವಿದೆ. ಅಲ್ಲಿ ಕೊರತೆ ಅವನದು; ಇಲ್ಲಿ ಅವನಿಲ್ಲದಿದ್ದರೆ ಕೊರತೆ ಸಮುದಾಯದ್ದು.

ಹಾಗಾದರೆ ನಿಯಮಕ್ಕೆ ಬೆಲೆಯೇನೆಂಬ ಆಕ್ಷೇಪ ನ್ಯಾಯವಾದದ್ದೇ. ಫ್ರಾಂಕ್‌ಫರ್ಟಿನ ರಬ್ಬಿ ಸಾಮ್ಸನ್ ರಾಫೇಲ್ ಹಿರ್ಶ್, 1876ರ ಪ್ರಷ್ಯಾದ ಕಾಯಿದೆಯ ಬಲದಿಂದ, ಸುಧಾರಣಾವಾದಿಗಳ ಹಿಡಿತದಲ್ಲಿದ್ದ ಸಮುದಾಯಸಂಸ್ಥೆಯಿಂದ ಹೊರಬರಬೇಕೆಂದು ಪಟ್ಟುಹಿಡಿದರು. ವ್ಯೂರ್ಟ್ಸ್‌ಬರ್ಗಿನ ರಬ್ಬಿ ಬಾಂಬರ್ಗರ್, ಅವರಷ್ಟೇ ಆಚಾರನಿಷ್ಠರು, ಅದನ್ನು ಕಡ್ಡಾಯವೆಂದು ಒಪ್ಪಲಿಲ್ಲ. ಸಂಸ್ಥೆಯೊಂದನ್ನು ಒಪ್ಪುವುದು ಬಿಡುವುದು ತತ್ತ್ವದ ಪ್ರಶ್ನೆ. ವ್ಯಕ್ತಿಯೊಡನೆ ಕೂಡಿ ಪ್ರಾರ್ಥಿಸಲು ಆ ಜಗಳ ಇತ್ಯರ್ಥವಾಗಬೇಕಿಲ್ಲ. ಸಬ್ಬತ್ತನ್ನು ಸಡಿಲಿಸಬೇಕಾಗಿಯೂ ಇಲ್ಲ.

ಜೈನಶಾಸ್ತ್ರದ ಅಭ್ಯಾಸಿಗೆ ಇಲ್ಲಿ ಸಮಂತಭದ್ರಾಚಾರ್ಯರು ನೆನಪಾಗುತ್ತಾರೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಅವರು ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಹೇಳುವಾಗ, ಜಾರಿದವರನ್ನು ಮತ್ತೆ ನೆಲೆನಿಲ್ಲಿಸುವ ಸ್ಥಿತೀಕರಣವನ್ನೂ ಸಹಧರ್ಮಿಗಳಲ್ಲಿ ತೋರುವ ವಾತ್ಸಲ್ಯವನ್ನೂ ಬೇರೆಬೇರೆಯಾಗಿಯೇ ಎಣಿಸುತ್ತಾರೆ. ವಾತ್ಸಲ್ಯವು ಕಪಟರಹಿತವಾಗಿರಬೇಕೆಂದೂ ವಿಧಿಸುತ್ತಾರೆ. ಈ ವಿಂಗಡಣೆ ನಮ್ಮ ಪ್ರಶ್ನೆಗೆ ಬೆಳಕು ಚೆಲ್ಲುತ್ತದೆ. ಮರಳಿ ಕರೆತರುವ ಹಂಬಲ ತಪ್ಪಲ್ಲ. ಆದರೆ ಪ್ರೀತಿಯನ್ನೇ ಅದಕ್ಕೆ ಗಾಳವಾಗಿಸಿದರೆ ಪ್ರೀತಿಯಲ್ಲಿ ಕಪಟ ಬೆರೆಯುತ್ತದೆ. ಸಬ್ಬತ್ತಿನ ಊಟಕ್ಕೆ ಕರೆದ ನೆಂಟನು ಮುಂದಿನ ವಾರವೂ ಅಂಗಡಿ ತೆರೆದನೆಂದರೆ, ಅವನನ್ನು ಅದೇ ಆದರದಿಂದ ಮತ್ತೆ ಕರೆಯಬಲ್ಲೆವೇ? ಆಚಾರನಿಷ್ಠನ ಪರೀಕ್ಷೆ ನಡೆಯುವುದು ಅಲ್ಲಿ.