ಕಾರಿನ ಆಸನವೂ ನಾಯಿಯ ಕೂದಲೂ

ಸಾಕುನಾಯಿಯು ಇಂದು ಅನೇಕ ಮನೆಗಳಲ್ಲಿ ಹೊಲ-ಹಿತ್ತಿಲುಗಳ ಕಾವಲಿಗಷ್ಟೇ ಸೀಮಿತವಾಗಿಲ್ಲ. ಊರಿಗೆ ಹೊರಟಾಗ, ಪಶುವೈದ್ಯರಲ್ಲಿಗೆ ಹೋಗುವಾಗ ಅದೂ ಮನೆಮಂದಿಯೊಡನೆ ಕಾರನ್ನೇರುತ್ತದೆ. ಅದು ಇಳಿದ ಮೇಲೂ ಅದರ ಕೂದಲು ಮಾತ್ರ ಆಸನದಲ್ಲಿಯೇ ಉಳಿಯುತ್ತದೆ. ಮರುದಿನ ಮದುವೆಗೆಂದು ಇಳಕಲ್ ಸೀರೆಯುಟ್ಟು ಕುಳಿತ ಗೃಹಿಣಿಗೆ ಬೇಸರ; ಉಬ್ಬಸವುಳ್ಳ ಅಜ್ಜನಿಗೋ ಮೊಮ್ಮಗನಿಗೋ ಕೆಮ್ಮು. ಕೊನೆಗೆ ‘ಈ ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ’ ಎಂಬ ಮಾತು ಹೊರಡುತ್ತದೆ. ಅನ್ನವಿಟ್ಟು ಸಾಕಿದ ಜೀವವನ್ನು ಹೊರಗಟ್ಟುವ ಮುನ್ನ ನಾವು ಮಾಡಬಹುದಾದ ಕೆಲಸ ಸಾಕಷ್ಟಿದೆ. ಅದರಲ್ಲಿ ಹೆಚ್ಚಿನ ಪಾಲು ನಾಯಿಯು ಕಾರು ಹತ್ತುವ ಮೊದಲೇ ಮುಗಿಯಬೇಕಾದುದು.

ಎಲ್ಲ ನಾಯಿಗಳ ಕೂದಲೂ ಒಂದೇ ತೆರನಲ್ಲ. ಲ್ಯಾಬ್ರಡಾರ್, ಪೊಮೆರೇನಿಯನ್ ಮುಂತಾದ ತಳಿಗಳಿಗೆ ಮೇಲೆ ಒರಟಾದ, ಒಳಗೆ ಮೃದುವಾದ ಎರಡು ಪದರಗಳಿವೆ. ಒಳಪದರದ ಕೂದಲು ರಾಶಿರಾಶಿಯಾಗಿ ಉದುರುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ ಕೂದಲು ಗಿಡ್ಡ. ಉದುರುವುದು ಕಡಿಮೆಯೆನಿಸಿದರೂ ಗಿಡ್ಡ ಕೂದಲು ಬಟ್ಟೆಯ ನೇಯ್ಗೆಯೊಳಗೆ ಸೂಜಿಯಂತೆ ನಾಟಿಕೊಳ್ಳುತ್ತದೆ.

ಆದುದರಿಂದ ಪ್ರಯಾಣಕ್ಕೆ ಮುನ್ನ ಅಂಗಳದಲ್ಲಿ ಹತ್ತು ನಿಮಿಷ ನಾಯಿಯ ಮೈಯನ್ನು ಬಾಚಿರಿ. ಹೀಗೆ ಬಾಚಣಿಗೆಗೆ ಬಂದ ಕೂದಲು ಕಾರಿಗೆ ಬಾರದು. ಪದೇ ಪದೇ ಸ್ನಾನ ಮಾಡಿಸಿದರೆ ಕೂದಲು ಉದುರದೆಂಬ ಭಾವನೆ ಸರಿಯಲ್ಲ. ಅತಿಯಾದ ಸ್ನಾನದಿಂದ ಚರ್ಮವು ಒಣಗುತ್ತದೆ. ಕೂದಲು ಅಲ್ಲಲ್ಲಿ ವೃತ್ತಾಕಾರವಾಗಿ ಉದುರಿ ಚರ್ಮ ಕಾಣತೊಡಗಿದರೆ ಪಶುವೈದ್ಯರಿಗೆ ತೋರಿಸಿರಿ. ಅದು ಮನುಷ್ಯರಿಗೂ ಹರಡುವ ಹುಳುಕಡ್ಡಿಯಾಗಿರಬಹುದು.

ಎರಡನೆಯದು ಆಸನದ ರಕ್ಷಣೆ. ನಾಯಿಗೆ ಹಿಂದಿನ ಆಸನವನ್ನೇ ಗೊತ್ತುಮಾಡಿ, ಒತ್ತಾಗಿ ನೇಯ್ದ ಹತ್ತಿಯ ಹಳೆಯ ಹಾಸುಬಟ್ಟೆಯನ್ನು ಹೊದಿಸಿರಿ. ಬಟ್ಟೆಯ ತುದಿಗಳನ್ನು ಮುಂದಿನ ಮತ್ತು ಹಿಂದಿನ ಆಸನಗಳ ತಲೆಯೊರಗುಗಳಿಗೆ ತೊಟ್ಟಿಲಿನಂತೆ ಕಟ್ಟಿದರೆ ಕೂದಲು ಸಂದುಗಳಿಗೆ ಇಳಿಯದು. ಜುಂಗುಳ್ಳ ಟವೆಲ್ ಬೇಡ, ಅದು ಕೂದಲನ್ನು ಹಿಡಿದರೆ ಬಿಡದು. ಆಸನಗಳಿಗೆ ಹೊಸ ಕವರು ಹೊಲಿಸುವವರು ರೆಕ್ಸಿನ್ ಆರಿಸಿಕೊಂಡರೆ ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಕಾಲಡಿಗೆ ರಬ್ಬರಿನ ಹಾಸು ಒಳ್ಳೆಯದು. ಮನೆಗೆ ಬಂದ ಮೇಲೆ ಹಾಸುಬಟ್ಟೆಯನ್ನು ಒಳಮುಖವಾಗಿ ಮಡಚಿ ತೆಗೆದು, ಬಯಲಿನಲ್ಲಿ ಕೊಡವಿ, ಅನಂತರ ಒಗೆಯಿರಿ.

ಇಷ್ಟಾದರೂ ಉಳಿದ ಕೂದಲನ್ನು ತೆಗೆಯುವ ಬಗೆ ಹೀಗೆ. ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚಿ ಕಾಗದದ ಚೂರುಗಳ ಬಳಿ ಹಿಡಿದರೆ ಅವು ಜಿಗಿದು ಅಂಟುವುದನ್ನು ಮಕ್ಕಳೂ ಬಲ್ಲರು. ಒಣಹವೆಯಲ್ಲಿ ಆಸನದ ಬಟ್ಟೆಗೆ ಕೂದಲು ಅಂಟಲು ಇದೇ ಸ್ಥಿರವಿದ್ಯುತ್ತು ಒಂದು ಕಾರಣ. ಆದುದರಿಂದ ಆಸನದ ಮೇಲೆ ತುಸುವೇ ನೀರನ್ನು ಚಿಮುಕಿಸಿರಿ. ನೆನೆಯಬಾರದು, ತೇವವಾದರೆ ಸಾಕು. ಪಾತ್ರೆ ತೊಳೆಯುವ ರಬ್ಬರ್ ಕೈಗವಸನ್ನು ತೊಟ್ಟು ಒಂದೇ ದಿಕ್ಕಿಗೆ ಎಳೆಯಿರಿ. ಕೂದಲು ಉರುಳೆಯಾಗಿ ಒಟ್ಟುಗೂಡುತ್ತದೆ, ಕೈಯಿಂದಲೇ ಎತ್ತಬಹುದು. ಆಸನವು ಆರಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ನಾಟಿದ ಕೂದಲನ್ನು ಮೊದಲು ಸಡಿಲಿಸದೆ ಯಂತ್ರವನ್ನೇ ನಂಬಿದರೆ ಅರ್ಧ ಕೂದಲು ಅಲ್ಲಿಯೇ ಉಳಿಯುತ್ತದೆ.

ಉಬ್ಬಸವುಳ್ಳವರ ವಿಷಯದಲ್ಲಿ ಒಂದು ಮಾತನ್ನು ಮರೆಯಬಾರದು. ಅಲರ್ಜಿಗೆ ಮೂಲ ಕೂದಲಲ್ಲ. ನಾಯಿಯ ಚರ್ಮದ ಸೂಕ್ಷ್ಮ ಹೊಟ್ಟು ಮತ್ತು ಜೊಲ್ಲಿನಲ್ಲಿರುವ ಪ್ರೋಟೀನುಗಳು. ಕೂದಲು ಅವುಗಳನ್ನು ಹೊತ್ತು ತರುತ್ತದೆ. ಆದುದರಿಂದ ಆಸನವು ಕಣ್ಣಿಗೆ ಸ್ವಚ್ಛವಾಗಿ ಕಂಡರೂ ಅವರಿಗೆ ಸುರಕ್ಷಿತವೆಂದು ತಿಳಿಯಲಾಗದು. ಕಾರನ್ನು ಶುಚಿಗೊಳಿಸುವಾಗ ಅವರು ದೂರವಿರಲಿ, ಬಾಗಿಲುಗಳೆಲ್ಲ ತೆರೆದಿರಲಿ. ಒಳಗಾಳಿಯನ್ನು ಸೋಸುವ ಫಿಲ್ಟರ್ ಇದ್ದಲ್ಲಿ ಕಾಲಕಾಲಕ್ಕೆ ಬದಲಿಸಿರಿ. ತೀವ್ರ ಉಬ್ಬಸವಿದ್ದರೆ ಅವರನ್ನೂ ನಾಯಿಯನ್ನೂ ಒಂದೇ ಪ್ರಯಾಣದಲ್ಲಿ ಕೂಡಿಸದಿರುವುದೇ ಲೇಸು. ವೈದ್ಯರ ಸಲಹೆ ಅವಶ್ಯ.

ಈ ಕೆಲಸವೆಲ್ಲ ಒಬ್ಬ ಗೃಹಿಣಿಯ ತಲೆಗೇ ಬೀಳಬಾರದು. ನಾಯಿ ಬೇಕೆಂದು ಹಟ ಹಿಡಿದ ಮಕ್ಕಳು ಮೈ ಬಾಚಲಿ, ಕಾರು ನಡೆಸುವವರು ಹಾಸುಬಟ್ಟೆಯನ್ನು ಕೊಡವಲಿ. ಪ್ರೀತಿಯಲ್ಲಿ ಪಾಲು ಬೇಡುವವರು ದುಡಿಮೆಯಲ್ಲಿಯೂ ಪಾಲುಗೊಂಡರೆ, ಸಾಕಿದ ಜೀವವು ಮನೆಯಲ್ಲಿ ಯಾರಿಗೂ ಹೊರೆಯಾಗದು.