ಸೊಸೆ ಮನೆಗೆ ಬಂದಳು, ಕಾರ್ಡಿಗೆ ಯಾವಾಗ ಬರ್ತಾಳೆ?

1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ಈ ಕಡೆ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ಮುಂದೆ ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಗಿ ತನ್ನದೇ ತಾಲ್ಲೂಕಾಯಿತು. ಲಕ್ಷಾಂತರ ಜನ ಕೂತಲ್ಲೇ ಜಿಲ್ಲೆ ಬದಲಾಯಿಸಿದರು. ಬೋರ್ಡು ಬದಲಿಸುವ, ಕಡತ ಸಾಗಿಸುವ ಕೆಲಸವನ್ನು ಸರ್ಕಾರವೇ ಮಾಡಿತು. ಆದರೆ ಒಬ್ಬಳೇ ಒಬ್ಬ ಹುಡುಗಿ ಮದುವೆಯಾಗಿ ಊರು ಬದಲಾಯಿಸಿದರೆ? ಅವಳ ಕಡತವನ್ನು ಅವಳೇ ಹೊತ್ತು ತಿರುಗಬೇಕು.

ಈ ಲೇಖನ ಬರೀತಿರುವ ನಾವು ನಾಲ್ವರು ಈ ನಾಲ್ಕು ತಾಲ್ಲೂಕಿನವರು. ನಮ್ಮ ಕಾಲೇಜಿನಲ್ಲಿ ವಲಸೆ ಅಂದ್ರೆ ಎಂ.ಎಸ್., ವೀಸಾ, ಸೀನಿಯರ್‌ಗಳ ವಿಮಾನದ ಫೋಟೋ. ನಿಜ ಹೇಳಬೇಕೆಂದರೆ, ಈ ದೇಶದಲ್ಲಿ ಹೆಂಗಸರು ಊರು ಬಿಡುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಮದುವೆ. ಜನಗಣತಿಯೇ ಹೇಳುವ ಮಾತಿದು. ನಮ್ಮ ನಮ್ಮ ಅಮ್ಮಂದಿರೆಲ್ಲ ಈ ಲೆಕ್ಕದಲ್ಲಿ ವಲಸಿಗರೇ. ಆದ್ರೆ ನಾವ್ಯಾರೂ ಅವರನ್ನು ಹಾಗೆ ನೋಡಿಲ್ಲ, ಸರ್ಕಾರದ ಕಂಪ್ಯೂಟರೂ ನೋಡಿಲ್ಲ.

ನಮಗೆ ಇದು ಹೊಳೆದದ್ದು ಹೋದ ವರ್ಷ. ನಮ್ಮಲ್ಲಿ ಜಗಳೂರಿನವಳ ಅಣ್ಣನಿಗೆ ಮದುವೆಯಾಯಿತು. ಅತ್ತಿಗೆ ರಾಯದುರ್ಗದ ಕಡೆಯವರು. ಊರು ಆಂಧ್ರಕ್ಕೆ ಸೇರಿದ್ದು, ಮನೆಮಾತು ಕನ್ನಡ. ಮದುವೆಯಾಗಿ ಐದು ತಿಂಗಳಿಗೆ ಅತ್ತಿಗೆಗೆ ವಿಪರೀತ ಹೊಟ್ಟೆನೋವು. ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿದರು, ಆಪರೇಷನ್ ಆಗಬೇಕು ಅಂದರು, ರೆಫರಲ್ ಚೀಟಿ ಕೊಟ್ಟು ಕಳಿಸಿದರು. ದೊಡ್ಡ ಆಸ್ಪತ್ರೆಯ ಯೋಜನೆಯ ಕೌಂಟರಿನಲ್ಲಿ ಕೂತಿದ್ದ ಆರೋಗ್ಯಮಿತ್ರ ರೇಷನ್ ಕಾರ್ಡು ನೋಡಿ, "ಇವರ ಹೆಸ್ರು ಇದ್ರಲ್ಲಿ ಇಲ್ವಲ್ಲಮ್ಮ" ಅಂದರು.

"ನಮ್ ಸೊಸಿ ಕಣಪ್ಪಾ. ಲಗ್ನದ ಫೋಟೋ ಐತಿ, ತೋರಿಸ್ಲೇನು?" ಅಂದರಂತೆ ನಮ್ಮ ಗೆಳತಿಯ ಅವ್ವ.

ಆತ ಒಳ್ಳೆಯ ಮನುಷ್ಯ, ನಗಲಿಲ್ಲ. ಆದ್ರೆ ಫೋಟೋ ನೋಡಿ ಅವನೇನು ಮಾಡಬೇಕು? ಅವನ ಪರದೆಯಲ್ಲಿ ಫೋಟೋಗೆ ಜಾಗ ಇಲ್ಲ. ತವರಿನ ಕಾರ್ಡಿನಿಂದ ಹೆಸರು ತೆಗೆಸಿ ಆಗಿತ್ತು, ಗಂಡನ ಮನೆಯ ಕಾರ್ಡಿಗೆ ಇನ್ನೂ ಸೇರಿರಲಿಲ್ಲ. ಅತ್ತ ಆಂಧ್ರದ ಯೋಜನೆಯೂ ಇಲ್ಲ, ಇತ್ತ ಕರ್ನಾಟಕದ್ದೂ ಪೂರ್ತಿ ಇಲ್ಲ. ಬಿತ್ತನೆಗೆ ಅಂತ ಎತ್ತಿಟ್ಟಿದ್ದ ದುಡ್ಡು ಆಸ್ಪತ್ರೆಗೆ ಹೋಯಿತು. ಅತ್ತಿಗೆ ಈಗ ಆರಾಮಾಗಿದ್ದಾರೆ. ಅವರಿಗೆ ಇನ್ನೂ ಕೊರೆಯುತ್ತಿರುವುದು ಒಂದೇ ಮಾತು: "ಬಂದು ಆರು ತಿಂಗಳಾಗಿಲ್ಲ, ಮನೆಗೆ ಸಾಲ ತಂದೆ."

ತಂದಿದ್ದು ಅವರಲ್ಲ. ಹೇಗೆ ಅಂತ ನೋಡೋಣ.

ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಎರಡೂ 2018ರಲ್ಲಿ ಶುರುವಾಗಿ ಅದೇ ವರ್ಷ ಒಂದಾದವು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಅರ್ಹವಾದ, ಅಂದರೆ ನಾವು ಬಿಪಿಎಲ್ ಅನ್ನುವ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಅಂಥ ಕಾರ್ಡು ಇಲ್ಲದವರು, ಅಥವಾ ಇದ್ದರೂ ತೋರಿಸಲಾಗದವರು 'ಸಾಮಾನ್ಯ ರೋಗಿ'. ಅವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರದ್ದು, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ.

ಲೆಕ್ಕಕ್ಕೆ 30,000 ರೂಪಾಯಿಯ ಪ್ಯಾಕೇಜ್ ಅಂದುಕೊಳ್ಳಿ. ಕಾರ್ಡಿನಲ್ಲಿ ಹೆಸರಿರುವ ಅತ್ತೆಗೆ ಖರ್ಚು ಸೊನ್ನೆ. ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ ಕೂರುವ ಸೊಸೆಗೆ 21,000. ಇಬ್ಬರ ನಡುವೆ ಇರುವ ವ್ಯತ್ಯಾಸ ಬಡತನದ್ದಲ್ಲ, ಕಾರ್ಡಿನ ಒಂದು ಸಾಲಿನದು.

ಆ ಒಂದು ಸಾಲು ಸೇರಿಸುವುದೇನು ಕಷ್ಟ ಅಂತ ಕೇಳಬಹುದು. ಒಂದು ಆಧಾರ್ ಸಂಖ್ಯೆ ಎರಡು ಕಾರ್ಡಿನಲ್ಲಿ ಇರುವಂತಿಲ್ಲ, ಸರಿ. ಹಾಗಾಗಿ ಮೊದಲು ತವರಲ್ಲಿ ತೆಗೆಸಬೇಕು, ಆಮೇಲೆ ಇಲ್ಲಿ ಸೇರಿಸಬೇಕು. ತೆಗೆಯುವುದು ಬೇಗ ಆಗುತ್ತೆ, ಸೇರಿಸುವುದು ಮಾತ್ರ ಆಹಾರ ಇಲಾಖೆ ಅವಕಾಶ ಬಿಟ್ಟಾಗ. ಬಿಟ್ಟ ದಿನ ಗ್ರಾಮ ಒನ್ ಮುಂದೆ ಸಾಲು, ಒಳಗೆ 'ಸರ್ವರ್ ಇಲ್ಲ'. ಹೆಬ್ಬೆಟ್ಟು ಒತ್ತೋಕೆ ಒಂದು ದಿನದ ಕೂಲಿ ಬಿಟ್ಟು ಬಂದವರು ಮತ್ತೊಂದು ದಿನದ ಕೂಲಿ ಬಿಡಬೇಕು. ಮದುವೆಯಾದ ಮೊದಲ ಒಂದೆರಡು ವರ್ಷ ಬಸಿರು, ಬಾಣಂತನದ ಕಾಲ. ಆಸ್ಪತ್ರೆ ಅವಳಿಗೆ ಅತಿ ಹತ್ತಿರ ಇರಬೇಕಾದ ಹೊತ್ತಿನಲ್ಲೇ ಕಾರ್ಡು ಅತಿ ದೂರ.

ಇನ್ನೊಂದು ತಮಾಷೆ ನೋಡಿ. ಅದೇ ಆಹಾರ ಭದ್ರತಾ ಕಾಯ್ದೆ, 2013ರದ್ದು, ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ ಅನ್ನುತ್ತೆ. ಒಳ್ಳೆಯ ಮಾತು. ಆದರೆ ಮುಂದೊಂದು ದಿನ ಯಜಮಾನಿ ಆಗಬೇಕಾದವಳಿಗೆ ಇವತ್ತು ಅದರಲ್ಲಿ ಒಂದು ಸಾಲೂ ಇಲ್ಲ.

ಎಲ್ಲವೂ ಕೆಟ್ಟಿದೆ ಅಂತ ನಾವು ಹೇಳುತ್ತಿಲ್ಲ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ ಉಚಿತ. ಸಿಸೇರಿಯನ್, ಔಷಧಿ, ರಕ್ತ, ಊಟ, ಓಡಾಟ ಎಲ್ಲ ಸೇರಿ. ಅಲ್ಲಿ ಬಸಿರಿಯೇ ಗುರುತು, ಬಡತನದ ಕಾರ್ಡು ಬೇಕಿಲ್ಲ. ಅಂದ್ರೆ ಹಕ್ಕನ್ನು ಕಾರ್ಡಿಗೆ ಕಟ್ಟದೆ ಮನುಷ್ಯರಿಗೆ ಕಟ್ಟುವುದು ನಮ್ಮ ಸರ್ಕಾರಕ್ಕೂ ಗೊತ್ತು. ಹೆರಿಗೆಗೆ ಸಾಧ್ಯವಾದದ್ದು ಹೊಟ್ಟೆನೋವಿಗೆ ಯಾಕಾಗಬಾರದು?

ನಮ್ಮ ಸೀನಿಯರ್‌ಗಳು ಕನಸು ಕಾಣುವ ಕೆನಡಾದಲ್ಲೂ ಹೊಸದಾಗಿ ಬಂದವರ ಹೆಂಡತಿಯೋ ಗಂಡನೋ ಸರ್ಕಾರಿ ಆರೋಗ್ಯ ವಿಮೆಗೆ ಕಾಯಬೇಕಾಗುತ್ತೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳ ಉಳಿದ ದಿನಗಳು, ಮೇಲೆ ಎರಡು ತಿಂಗಳು. ಒಂಟಾರಿಯೋದಲ್ಲಿ ಮೂರು ತಿಂಗಳಿದ್ದ ಕಾಯುವಿಕೆಯನ್ನು 2020ರ ಮಾರ್ಚ್‌ನಲ್ಲಿ, ಕೊರೊನಾ ಬಂದಾಗ, ತೆಗೆದೇ ಹಾಕಿದರು. ಕಾಯಿಸುವುದು ಸರಿ ಅಂತಲ್ಲ. ಆದ್ರೆ ಅಲ್ಲಿ ಕಾಯುವುದಕ್ಕೆ ಒಂದು ಕೊನೆಯ ತಾರೀಖು ಇದೆ, ಅಷ್ಟು ದಿನಕ್ಕೆ ಖಾಸಗಿ ವಿಮೆ ಮಾಡಿಸಿಕೊಳ್ಳಬಹುದು. ಸಾಗರ ದಾಟಿ ಹೋದ ಹೆಂಡತಿಗೆ ಇರುವ ತಾರೀಖು, ರಾಯದುರ್ಗದಿಂದ ಜಗಳೂರಿಗೆ ಬಂದ ಹೆಂಡತಿಗೆ ಇಲ್ಲ.

"ಹಂಗೆ ಬಿಟ್ರೆ ಸುಳ್ಳು ಮದುವೆ ತೋರಿಸಿ ದುಡ್ಡು ಹೊಡೀತಾರೆ" ಅಂದರು ನಮ್ಮ ಹಾಸ್ಟೆಲ್ಲಿನ ಗೆಳೆಯರು. ಸುಳ್ಳು ಹೇಳುವವರು ಇರಬಹುದು, ತಳ್ಳಿಹಾಕುವುದಿಲ್ಲ. ಆದರೆ ಒಂದು ಗಮನಿಸಿ: ಈ 5 ಲಕ್ಷ ತಲೆಗಲ್ಲ, ಇಡೀ ಕುಟುಂಬಕ್ಕೆ. ಮನೆಯಲ್ಲಿ ನಾಲ್ವರಿದ್ದರೂ ಅಷ್ಟೇ, ಸೊಸೆ ಬಂದು ಐವರಾದರೂ ಅಷ್ಟೇ. ಇದ್ದ ಕೊಡದಲ್ಲೇ ಇನ್ನೊಬ್ಬರು ನೀರು ಮೊಗೆಯುತ್ತಾರೆ, ಹೊಸ ಕೊಡ ಕೇಳುತ್ತಿಲ್ಲ. ಜೊತೆಗೆ ಆಧಾರ್ ಇದೆ, ಬೆರಳಚ್ಚು ಇದೆ, ಮದುವೆ ನೋಂದಣಿಯ ಪತ್ರ ಇದೆ. ಇಷ್ಟಿದ್ದೂ ನಂಬದಿದ್ದರೆ ಕಷ್ಟ.

ಹಾಗಾಗಿ ನಮ್ಮ ಬೇಡಿಕೆ ಮೂರೇ. ಒಂದು, ಹೊಸ ಕಾರ್ಡಿಗೆ ಸೇರುವವರೆಗೂ ಹಳೆಯ ಕಾರ್ಡಿನಿಂದ ಹೆಸರು ತೆಗೆಯಬಾರದು. ಎರಡೂ ಒಂದೇ ಕ್ಷಣದಲ್ಲಿ ಆಗಲಿ. ಎರಡನೇದು, ಗಂಡನ ಕಾರ್ಡು ಮತ್ತು ಮದುವೆ ನೋಂದಣಿ ಪತ್ರ ತೋರಿಸಿದರೆ ಆರು ತಿಂಗಳ ಮಟ್ಟಿಗಾದರೂ ಪೂರ್ತಿ ಸೌಲಭ್ಯ ಕೊಡಲಿ. ಮೂರನೇದು, ಸೇರ್ಪಡೆಗೆ ಅರ್ಜಿ ಕೊಟ್ಟ ದಿನವೇ ಒಂದು ಗಡುವು ಬರೆದುಕೊಡಲಿ. ಎರಡು ಟೇಬಲ್‌ಗಳ ನಡುವೆ ಒಂದು ಸಾಲನ್ನು ಕಳೆದುಹೋಗದಂತೆ ಸಾಗಿಸುವುದು ಡಿಬಿಎಂಎಸ್ ಪೇಪರಿನ ಮಾಮೂಲಿ ಪ್ರಶ್ನೆ. ಇಂಟರ್ನಲ್ಸ್‌ನಲ್ಲಿ ನಾವದನ್ನು ತಪ್ಪು ಮಾಡಿದರೆ ಮಾರ್ಕ್ಸ್ ಹೋಗುತ್ತೆ. ಅಲ್ಲಿ ತಪ್ಪಾದರೆ ಒಂದು ಮನೆಯ ಬಿತ್ತನೆ ಹೋಗುತ್ತೆ.

ಸರ್ಕಾರ ಮಾಡುವವರೆಗೂ ನಾವು ಸುಮ್ಮನೆ ಕೂರಬೇಕಿಲ್ಲ. ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯ ಕಾರ್ಡು ತೆಗೆದು ನೋಡಿ. ಅತ್ತಿಗೆ, ಚಿಕ್ಕಮ್ಮ, ಪಕ್ಕದ ಮನೆಯ ಹೊಸ ಸೊಸೆ, ಯಾರ ಹೆಸರಿಲ್ಲವೋ ಅವರ ಜೊತೆ ಗ್ರಾಮ ಒನ್‌ಗೆ ಹೋಗಿ ನಿಲ್ಲಿ. ಮದುವೆ ನೋಂದಣಿ ಆಗಿಲ್ಲದಿದ್ದರೆ ಮಾಡಿಸಿ. ನಾವು ನಾಲ್ವರೂ ಹೋದ ರಜೆಯಲ್ಲಿ ನಮ್ಮ ನಮ್ಮ ಬೀದಿಯಲ್ಲಿ ಇದನ್ನೇ ಮಾಡಿದೆವು. ಜಗಳೂರಿನ ಅತ್ತಿಗೆಯ ಹೆಸರು ಈಗ ಕಾರ್ಡಿಗೆ ಬಂದಿದೆ. ಅವ್ವ ಆ ಕಾರ್ಡನ್ನು ಲಗ್ನದ ಫೋಟೋ ಆಲ್ಬಮ್ಮಿನೊಳಗೇ ಇಟ್ಟಿದ್ದಾರೆ. "ಯಾವ್ದು ಕೇಳ್ತಾರೋ ಏನೋ, ಎರಡೂ ಒಂದೇ ಕಡೆ ಇರ್ಲಿ" ಅಂತ.