ಪದವಿ ವಿದ್ಯಾರ್ಥಿಗೂ ಬೇಕು ಪರೀಕ್ಷೆ-2

2024ರಿಂದ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಮಕ್ಕಳಿಗೆ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ‘ಪೂರಕ ಪರೀಕ್ಷೆ’ ಎಂಬ ಹಣೆಪಟ್ಟಿ ಹೋಗಿ ‘ಪರೀಕ್ಷೆ-2’ ಎಂಬ ಹೆಸರು ಬಂತು. ಅದೇ ಮಕ್ಕಳು ಪದವಿ ಕಾಲೇಜಿಗೆ ಕಾಲಿಟ್ಟರೆ ಈ ನ್ಯಾಯ ಅವರ ಕೈತಪ್ಪುತ್ತದೆ. ಮೊದಲ ಸೆಮಿಸ್ಟರಿನ ಒಂದು ವಿಷಯ ಉಳಿದರೂ, ಎಷ್ಟೋ ಕಡೆ ಮುಂದಿನ ವರ್ಷ ಅದೇ ಸೆಮಿಸ್ಟರಿನ ಪರೀಕ್ಷೆ ಬರುವವರೆಗೆ ಕಾಯಬೇಕು. ಪಾಠವೇ ಸರಿಯಾಗಿ ನಡೆಯದ ವರ್ಷದಲ್ಲೂ ಇದೇ ನಿಯಮ.

2023ರ ಕೊನೆಯಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ತರಗತಿ ಬಹಿಷ್ಕರಿಸಿದರು. ಅವರ ಬೇಡಿಕೆ ನ್ಯಾಯವಾದದ್ದೇ. ಆಗ ಈ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು; ಅವರಿಲ್ಲದೆ ಪಾಠ ನಡೆಯುವುದಾದರೂ ಹೇಗೆ? ಖಾಲಿ ಹುದ್ದೆ ತುಂಬದ ಸರ್ಕಾರದ ತಪ್ಪಿಗೆ ತೆರಬೇಕಾದ ದಂಡ ಮಾತ್ರ ವಿದ್ಯಾರ್ಥಿಯ ಅಂಕಪಟ್ಟಿಯ ಮೇಲೆ ಬೀಳುತ್ತದೆ.

ಶೇ 75 ಹಾಜರಾತಿ ಇಲ್ಲದ ವಿದ್ಯಾರ್ಥಿಯನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ವರ್ಷಕ್ಕೆ ಕನಿಷ್ಠ 30 ವಾರ ಪಾಠ ನಡೆಯಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ (ಯುಜಿಸಿ) ಹೇಳಿದೆ. ಮೊದಲ ನಿಯಮ ಮುರಿದರೆ ವಿದ್ಯಾರ್ಥಿ ಹೊರಗೆ. ಎರಡನೆಯದು ಮುರಿದರೂ ಪ್ರಶ್ನೆಪತ್ರಿಕೆ ಪೂರ್ತಿ ಪಠ್ಯಕ್ರಮದಿಂದಲೇ ಬರುತ್ತದೆ. ಇದು ಅನ್ಯಾಯ ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ.

ಹಾಗೆಂದು ಪರೀಕ್ಷೆಯಿಲ್ಲದೆ ಎಲ್ಲರನ್ನೂ ಪಾಸು ಮಾಡಿ ಎನ್ನುತ್ತಿಲ್ಲ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಯುಜಿಸಿ ಒಂದು ಸೂತ್ರ ಕೊಟ್ಟಿತ್ತು: ಮಧ್ಯದ ಸೆಮಿಸ್ಟರಿನವರಿಗೆ ಅರ್ಧ ಅಂಕ ಆಂತರಿಕ ಮೌಲ್ಯಮಾಪನದಿಂದ, ಇನ್ನರ್ಧ ಹಿಂದಿನ ಸೆಮಿಸ್ಟರಿನಿಂದ. ಹಿಂದಿನ ಸಲ ಎಡವಿ ಈ ಸಲ ಕಷ್ಟಪಟ್ಟು ಓದಿದ ಹುಡುಗಿಗೆ ಆ ಸೂತ್ರ ಹಳೆಯ ಸೋಲನ್ನೇ ಮತ್ತೆ ಹೊರಿಸಿತು. ಅಂತಿಮ ವರ್ಷದವರಿಗೆ ಪರೀಕ್ಷೆಯಿಲ್ಲದೆ ಪದವಿ ಇಲ್ಲ, ಬೇಕಾದರೆ ರಾಜ್ಯಗಳು ದಿನಾಂಕ ಮುಂದೂಡಲು ಕೇಳಬಹುದು ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಆಗಸ್ಟ್ 28ರಂದು ತೀರ್ಪಿತ್ತಿತು. ಪರೀಕ್ಷೆ ಬೇಕು ಎಂಬಷ್ಟರ ಮಟ್ಟಿಗೆ ಅದು ಸರಿ. ಆದರೆ ಇನ್ನೊಂದು ಅಂಶ ಯುಜಿಸಿಯ ಜುಲೈ ಮಾರ್ಗಸೂಚಿಯಲ್ಲಿತ್ತು: ಯಾವುದೇ ಕಾರಣಕ್ಕೆ ಪರೀಕ್ಷೆ ಬರೆಯಲಾಗದ ಅಂತಿಮ ವರ್ಷದವರಿಗೆ ವಿಶೇಷ ಪರೀಕ್ಷೆ. ಕಾರಣ ಕೇಳದೆ ಕೊಟ್ಟ ಅವಕಾಶ ಅದು. ದುಃಖದ ಸಂಗತಿಯೆಂದರೆ, ಅದನ್ನು 2019–20ನೇ ಸಾಲಿಗೆ ಮಾತ್ರ ಸೀಮಿತಗೊಳಿಸಿದರು.

ಅಂಥ ಅವಕಾಶವನ್ನು ಕಾಯಂ ಮಾಡಬೇಕು. ನಿಗದಿತ ಬೋಧನಾ ದಿನಗಳು ನಡೆಯದ ಸೆಮಿಸ್ಟರಿನಲ್ಲಿ, ಕಾರಣ ಮುಷ್ಕರವಿರಲಿ, ನೆರೆಯಿರಲಿ, ಫಲಿತಾಂಶ ಬಂದ ಆರು ವಾರದೊಳಗೆ ಶುಲ್ಕವಿಲ್ಲದೆ ಮರುಪರೀಕ್ಷೆ ನಡೆಯಲಿ. ಮೊದಲ ಪರೀಕ್ಷೆಯ ಸೋಲು ಬ್ಯಾಕ್‌ಲಾಗ್ (ಬಾಕಿ ವಿಷಯ) ಲೆಕ್ಕಕ್ಕೆ ಬಾರದಿರಲಿ. ಬ್ಯಾಕ್‌ಲಾಗ್ ಇದ್ದವರನ್ನು ಕ್ಯಾಂಪಸ್ ಸಂದರ್ಶನದ ಬಾಗಿಲಲ್ಲೇ ತಡೆಯುವ ಕಂಪನಿಗಳಿಗೆ ಕಾಲೇಜಿನಲ್ಲಿ ಪಾಠ ನಡೆದಿತ್ತೇ ಎಂಬುದು ಬೇಕಿಲ್ಲ.

ಪದವಿಯ ಮೌಲ್ಯ ಕುಸಿಯುತ್ತದೆ ಎಂಬ ಆಕ್ಷೇಪ ಬರುತ್ತದೆ. ಅದೇ ಪ್ರಶ್ನೆಪತ್ರಿಕೆಯ ಮಟ್ಟ, ಅದೇ ಉತ್ತೀರ್ಣ ಅಂಕ ಇರುವಾಗ ಕುಸಿಯುವುದು ಯಾವುದು? ಮೌಲ್ಯಮಾಪಕರ ಕೊರತೆ, ಖರ್ಚು ನಿಜವಾದ ತೊಡಕುಗಳೇ. ಲಕ್ಷಾಂತರ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುವ ರಾಜ್ಯ ಆ ನೆಪ ಹೇಳಬಾರದು. ಉನ್ನತ ಶಿಕ್ಷಣ ಇಲಾಖೆ ಮುಂದಿನ ಶೈಕ್ಷಣಿಕ ವೇಳಾಪಟ್ಟಿ ಪ್ರಕಟಿಸುವಾಗಲೇ ಮರುಪರೀಕ್ಷೆಯ ವಾರವನ್ನೂ ಅದರಲ್ಲಿ ಸೇರಿಸಲಿ.